ಬೆಟ್ಟದ ದೈತ್ಯನ ಎಡಗೈ ಕಾಯುವಾಕೆ

ಬೆಳಗಿನ ಐದು ಗಂಟೆ. ಮೇವಿಸ್ ಹ್ಯಾಲೆಟ್ ದೈತ್ಯನ ಹೆಬ್ಬೆರಳಿನ ಪಕ್ಕ ಮಂಡಿಯೂರಿ ಕೂತಿದ್ದಾರೆ. ಬಿಸಿಲು ಇನ್ನೂ ಕಣಿವೆಗೆ ಇಳಿದಿಲ್ಲ. ಕೆಳಗೆ ಚರ್ಚಿನ ಗೋಪುರದ ತುದಿ ಮಾತ್ರ ಮಂಜಿನಿಂದ ಹೊರಗೆ ಕಾಣುತ್ತದೆ. ಅರವತ್ತೆಂಟರ ಈ ಹೆಂಗಸಿನ ಮಂಡಿಗೆ ಹಳೆಯ ರತ್ನಗಂಬಳಿಯಿಂದ ಕತ್ತರಿಸಿದ ಎರಡು ತುಂಡು ಕಟ್ಟಿದೆ, ಕೈಯಲ್ಲಿ ತೇದು ತೇದು ಅರ್ಧವಾದ ಒಂದು ಊಟದ ಚಾಕು. ಬಿಳಿ ಗೆರೆಯ ಅಂಚು ದಾಟಿ ಒಳಗೆ ಕಾಲಿಟ್ಟ ಹುಲ್ಲಿನ ಎಳೆಗಳನ್ನು ಒಂದೊಂದಾಗಿ ಕೊಯ್ದು ಬಕೆಟ್ಟಿಗೆ ಹಾಕುತ್ತಾರೆ. ಬಾಯಲ್ಲಿ ಏನೋ ಗುನುಗು.

"ಉಗುರಿನಷ್ಟು ತೆಗೀಬೇಕು. ಅಷ್ಟೇ," ಎನ್ನುತ್ತಾರೆ ತಲೆ ಎತ್ತದೆ. "ಜಾಸ್ತಿ ಆಸೆ ಪಟ್ರೆ ಅವನು ದಪ್ಪ ಆಗ್ತಾನೆ. ಸೋಮಾರಿತನ ಮಾಡಿದ್ರೆ ಸಣ್ಣ ಆಗ್ತಾನೆ. ಜನ ಇದನ್ನ ಹುಲ್ಲು ಕೀಳೋ ಕೆಲಸ ಅಂದ್ಕೋತಾರೆ. ಅಲ್ಲ ಕಣಪ್ಪ. ಹುಲ್ಲಿಗೆ 'ಇಲ್ಲೀವರೆಗೆ ನಿಂದು' ಅಂತ ದಿನಾ ಹೇಳೋ ಕೆಲಸ ಇದು."

ದೈತ್ಯ ಎಂದರೆ ಸುಮ್ಮನೆ ಅಲ್ಲ. ತಲೆಯಿಂದ ಹಿಮ್ಮಡಿಗೆ ನೂರ ನಲವತ್ತು ಅಡಿ. ಡಾರ್ಸೆಟ್ ಸೀಮೆಯ ಮಾರ್ಲ್‌ಕೂಂಬ್ ಊರಿನ ಬೆನ್ನಿಗೆ ನಿಂತ ಬೆಟ್ಟದ ಇಳಿಜಾರಿನಲ್ಲಿ ಯಾರೋ ಯಾವ ಕಾಲದಲ್ಲೋ ಹುಲ್ಲು ಕೆತ್ತಿ ತೆಗೆದು, ಒಳಗಿನ ಸೀಮೆಸುಣ್ಣದ ಬಿಳಿ ಕಾಣುವ ಹಾಗೆ ಬಿಡಿಸಿದ ಗೆರೆಯ ಮನುಷ್ಯ. ಬಲಗೈ ಸೊಂಟದ ಮೇಲಿದೆ. ಎಡಗೈಯನ್ನು, ಬಸ್ಸು ನಿಲ್ಲಿಸುವವನ ಹಾಗೆ, ಉದ್ದಕ್ಕೆ ಚಾಚಿದ್ದಾನೆ. ಊರವರು ಅವನನ್ನು ದೈತ್ಯ ಎನ್ನುವುದಿಲ್ಲ, ಯಜಮಾನ ಎನ್ನುತ್ತಾರೆ. ಯಜಮಾನ ಇವತ್ತು ಬೆಳ್ಳಗಿದ್ದಾನೆ, ಯಜಮಾನನ ಮೊಣಕಾಲ ಮೇಲೆ ಕುರಿ ಮಲಗಿದೆ, ಹೀಗೆ ಮನೆಯ ಹಿರಿಯರ ಸುದ್ದಿ ಹೇಳಿದಂತೆ ಅವನ ಸುದ್ದಿ ಹೇಳುತ್ತಾರೆ.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ಅವನ ಅಂಚಿನ ಪಕ್ಕ ಯಾರೂ ಕೂರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಮೇವಿಸ್ ಬೆಟ್ಟ ಹತ್ತಲಿಲ್ಲ. ಮೇ ಹದಿಮೂರರವರೆಗೂ ಹತ್ತಲಿಲ್ಲ. ಮಂಡಿನೋವಲ್ಲ, ಮುನಿಸೂ ಅಲ್ಲ. ಯಜಮಾನನ ಕೈಯನ್ನು ತಾನೇ ಎರಡಡಿ ತಿಂದು ಹಾಕಿದೆನೇನೋ ಎಂಬ ಭಯ. ಆ ಭಯ ಕಳೆದು ಈಗ ಆರು ವಾರ. ಅವರ ಗುನುಗು ಕೇಳಿದರೆ ಸಾಕು, ಕಳೆದದ್ದು ಗೊತ್ತಾಗುತ್ತದೆ.

ಮಾರ್ಲ್‌ಕೂಂಬಿನಲ್ಲಿ ಯಜಮಾನನ ಮೈಯನ್ನು ಏಳು ಮನೆಗಳು ಹಂಚಿಕೊಂಡಿದ್ದವು. ತಲೆ ಸ್ಕ್ವಿಬ್ ಮನೆತನದ್ದು, ಎಡಗೈ ಹ್ಯಾಲೆಟ್ ಮನೆತನದ್ದು. ಬಲಗೈ, ಎದೆ, ಸೊಂಟಪಟ್ಟಿ, ಎರಡು ಕಾಲುಗಳಿಗೂ ಹೀಗೇ ಒಂದೊಂದು ಮನೆ. ಯಾವ ಕಾಗದದಲ್ಲೂ ಬರೆದಿಟ್ಟ ಹಕ್ಕಲ್ಲ. ಪ್ರತಿ ಮನೆಯಲ್ಲೂ ಒಂದು ಸೆಣಬಿನ ಹಗ್ಗ ಇರುತ್ತಿತ್ತು, ಹಗ್ಗದಲ್ಲಿ ಗಂಟುಗಳಿರುತ್ತಿದ್ದವು. ಎಡಗೈ ಹಗ್ಗದ ಒಂದು ತುದಿಯನ್ನು ಭುಜದಲ್ಲಿ ಹುಗಿದ ಕಲ್ಲಿಗೆ ಕಟ್ಟಿ ಎಳೆದರೆ ಮೊದಲ ಗಂಟು ಮೊಣಕೈ, ಎರಡನೆಯದು ಮಣಿಕಟ್ಟು, ಮೂರನೆಯದು ಹೆಬ್ಬೆರಳು, ಕೊನೆಯದು ನಡುಬೆರಳ ತುದಿ. ಒಟ್ಟು ಐವತ್ತೈದು ಅಡಿ. ಏಪ್ರಿಲ್ ತಿಂಗಳ ಮೊದಲ ಭಾನುವಾರ ಹಗ್ಗ ಹಿಡಿದು ನೋಡಬೇಕು. ಗಂಟಿಗಿಂತ ಈಚೆಗೆ ಹುಲ್ಲು ಬಂದಿದ್ದರೆ ಕೊಯ್ಯಬೇಕು. ಗಂಟು ದಾಟಿ ಸುಣ್ಣ ಜಾರಿದ್ದರೆ ಗುಡಿಸಿ ಹಿಂದಕ್ಕೆ ತಂದು ದಿಮ್ಮಸು ಹಾಕಿ ಗುದ್ದಬೇಕು.

ಮೇವಿಸ್ ಈ ಊರಿನವರಲ್ಲ. ವೇಮತ್ ಪಟ್ಟಣದಲ್ಲಿ ಸಮುದ್ರದ ಪಕ್ಕ ಹುಟ್ಟಿ ಬೆಳೆದವರು. ಲಾರಿ ಓಡಿಸುತ್ತಿದ್ದ ಲೆನ್ ಹ್ಯಾಲೆಟ್‌ನನ್ನು ಮದುವೆಯಾಗಿ ಇಪ್ಪತ್ತನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದರು. ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಅಡುಗೆ ಮಾಡಿ ಹಾಕಿದರು. ಲೆನ್‌ಗೆ ಬೆಟ್ಟದ ಕೆಲಸ ಹಿಡಿಸಲಿಲ್ಲ. ಅವನ ಅಪ್ಪ ಅರ್ನೆಸ್ಟ್ ಹ್ಯಾಲೆಟ್‌ಗೆ ಸೊಂಟ ಹಿಡಿದುಕೊಂಡಾಗ ಹಗ್ಗ ಮತ್ತು ಚಾಕು ಸೊಸೆಯ ಕೈಗೆ ಬಂದವು.

"ಮಾವ ನನ್ನನ್ನ ಮೇಲೆ ಕರ್ಕೊಂಡು ಹೋಗಿ ಒಂದು ವಾರ ಬರೀ ನೋಡು ಅಂದ್ರು. ಚಾಕು ಮುಟ್ಟಕ್ಕೇ ಬಿಡ್ಲಿಲ್ಲ," ಎಂದು ನೆನೆಯುತ್ತಾರೆ ಮೇವಿಸ್. "ಎಂಟನೇ ದಿನ ಚಾಕು ಕೊಟ್ಟು, 'ಯಾವತ್ತೂ ಮೇಲ್ಗಡೆ ಕೂತು ಕೆಳಗೆ ನೋಡ್ತಾ ಕೊಯ್ಯಿ, ಬಿಳೀ ಮೇಲೆ ಕಾಲಿಡಬೇಡ' ಅಂದ್ರು. ಅಷ್ಟೇ ಪಾಠ. ಊರಲ್ಲಿ ಮಾತ್ರ ಗುಸುಗುಸು. ವೇಮತ್‌ನವಳಿಗೆ ಮೀನು ಕೊಯ್ಯೋದು ಗೊತ್ತು, ಯಜಮಾನನನ್ನ ಕೊಯ್ಯೋದು ಏನು ಗೊತ್ತು, ಅಂತ."

ಆಮೇಲೆ ಊರು ಬದಲಾಯಿತು. ಬಲಗಾಲಿನ ಮನೆಯವರು ಮನೆ ಮಾರಿ ಹೋದರು, ಕೊಂಡವರು ವರ್ಷಕ್ಕೆ ಎರಡು ವಾರ ರಜೆಗೆ ಬರುವವರು. ಸೊಂಟಪಟ್ಟಿಯವರಿಗೆ ಮಕ್ಕಳಿಲ್ಲ. ಎದೆಯವರು ಪಕ್ಕದ ಪಟ್ಟಣದ ವೃದ್ಧಾಶ್ರಮ ಸೇರಿದರು. ಹಗ್ಗಗಳು ಒಂದೊಂದಾಗಿ ಮೇವಿಸ್ ಮನೆಯ ಬಾಗಿಲಿಗೆ ಬಂದವು. "ಬಲಗೈ ಹಗ್ಗ ಅಂಗಡಿ ಚೀಲದಲ್ಲಿ ಬಂತು. ಮೆಟ್ಟಿಲ ಮೇಲೆ ಇಟ್ಟು ಹೋಗಿದ್ರು. ಜೊತೆಗೆ ಆರು ಮೊಟ್ಟೆ." ಈಗ ಅವರ ಸೌದೆ ಮನೆಯಲ್ಲಿ ಏಳು ಹಗ್ಗಗಳೂ ಏಳು ಮೊಳೆಗಳಿಗೆ ನೇತಾಡುತ್ತಿವೆ. ತಲೆಯ ಹಕ್ಕನ್ನು ಮಾತ್ರ ಎಂಬತ್ತೇಳರ ರೂಬೆನ್ ಸ್ಕ್ವಿಬ್ ಇನ್ನೂ ಬಿಟ್ಟುಕೊಟ್ಟಿಲ್ಲ. ಹಗ್ಗ ಇವರ ಮನೆಯಲ್ಲಿ, ಕೆಲಸ ಇವರದು, ಹೆಸರು ಅವರದು.

"ಕೇಳ್ಕೊಂಡೇ ಮಾಡ್ತೀನಿ," ಎಂದು ನಗುತ್ತಾರೆ. "ಮೂಗಿನ ಹತ್ರ ಹೋಗೋ ಮುಂಚೆ ಅವರ ಕಿಟಕಿ ಬಡೀತೀನಿ. 'ರೂಬೆನ್, ಇವತ್ತು ಮೂಗು' ಅಂತೀನಿ. 'ಹೂಂ ಹೋಗಮ್ಮಿ' ಅಂತಾರೆ. ಅರವತ್ತೆಂಟಾದ್ರೂ ಅವರಿಗೆ ನಾನು ಅಮ್ಮಿನೇ."

ಇವರ ದಿನದ ಲೆಕ್ಕ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಯಜಮಾನನ ಗೆರೆ ಸಾವಿರದ ನೂರು ಅಡಿ, ಎರಡೂ ಅಂಚು ಸೇರಿದರೆ ಎರಡು ಸಾವಿರದ ಇನ್ನೂರು. ದಿನಕ್ಕೆ ಮೂವತ್ತಡಿ ಅಂಚು ಮುಗಿಸುತ್ತಾರೆ. ಒಂದು ಸುತ್ತಿಗೆ ಎಪ್ಪತ್ತಮೂರು ದಿನ. ಸುತ್ತು ಮುಗಿಯುವ ಹೊತ್ತಿಗೆ ಶುರು ಮಾಡಿದಲ್ಲಿ ಹುಲ್ಲು ಮತ್ತೆ ಕಾಲು ಚಾಚಿರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂವರೆ ಸುತ್ತು. ಇದಕ್ಕೆ ಸಂಬಳ ಇಲ್ಲ. ಗ್ರಾಮ ಮಂಡಳಿಯವರು ಪ್ರತಿ ಕ್ರಿಸ್ಮಸ್‌ಗೆ ಒಂದು ಜೊತೆ ಕೈಗವಸು ಕೊಡುತ್ತಾರೆ, ಎರಡು ಸಲ ಎರಡೂ ಎಡಗೈಯವೇ ಬಂದಿದ್ದವಂತೆ.

ಬೆಟ್ಟದಿಂದ ಇಳಿದು ಬಂದ ಹೆಂಡತಿಗೆ ಲೆನ್ ಮೊಟ್ಟೆ ಹುರಿದು ಕೊಡುತ್ತಾನೆ. ಲಾರಿ ಬಿಟ್ಟ ಮೇಲೆ ಬೆಳಗಿನ ಅಡುಗೆ ಅವನದು. "ನನ್ನ ಜೊತೆಗಿಂತ ಆ ಗಂಡಸಿನ ಜೊತೆ ಜಾಸ್ತಿ ಬೆಳಗು ಕಳೆದಿದ್ದಾಳೆ ಇವಳು. ಅವನ ಮೈಯಲ್ಲಿ ಎಲ್ಲೆಲ್ಲಿ ಏನಿದೆ ಅಂತ ಕಣ್ಮುಚ್ಕೊಂಡು ಹೇಳ್ತಾಳೆ. ನನ್ನ ಕನ್ನಡಕ ಎಲ್ಲಿದೆ ಅಂದ್ರೆ ಗೊತ್ತಿಲ್ಲ."

"ನಿನ್ನ ತಲೆ ಮೇಲೇ ಇದೆ," ಎನ್ನುತ್ತಾರೆ ಮೇವಿಸ್.

ಇಷ್ಟು ಹೊತ್ತಿಗೆ ಒಂದು ಮುಖ್ಯ ಸಂಗತಿ ಹೇಳಬೇಕು, ಏಕೆಂದರೆ ಮುಂದಿನ ರಾಮಾಯಣಕ್ಕೆಲ್ಲ ಅದೇ ಮೂಲ. ಯಜಮಾನನ ಬಗ್ಗೆ ಊರಿನಲ್ಲೊಂದು ಕಥೆಯಿದೆ. ಪಕ್ಕದೂರಿನ ಚರ್ಚಿನ ಗೋಪುರವನ್ನು ಕದ್ದು ಹೆಗಲ ಮೇಲೆ ಹೊತ್ತು ಬರುತ್ತಿದ್ದನಂತೆ, ಇಲ್ಲಿ ಬಂದಾಗ ಸುಸ್ತಾಗಿ ಗೋಪುರ ಇಳಿಸಿ ಬೆಟ್ಟಕ್ಕೆ ಒರಗಿ ಮಲಗಿದನಂತೆ. ಗೋಪುರ ಊರಿನವರು ಇಟ್ಟುಕೊಂಡರು. ಮಲಗಿದವನಿಗೆ ವರ್ಷಕ್ಕೊಂದು ಸಲ ಬಾಯಾರುತ್ತದೆ. ಯಾರೂ ಕುಡಿಸದಿದ್ದರೆ ಎದ್ದು ಕೆಳಗಿನ ಹಳ್ಳಕ್ಕೆ ಇಳಿದು ಬರುತ್ತಾನೆ, ದಾರಿಯಲ್ಲಿ ಮನೆಗಳಿವೆ. ಆದ್ದರಿಂದ ಹಗ್ಗ ಹಿಡಿಯುವ ಭಾನುವಾರ ಮೊದಲು ಯಜಮಾನನಿಗೆ ಕುಡಿಸಬೇಕು. ಕುಡಿಸುವುದು ಬಾಯಿಗಲ್ಲ, ಹಗ್ಗಕ್ಕೆ. ಹಗ್ಗ ತೊಟ್ಟಿಕ್ಕುವವರೆಗೂ ಸೈಡರ್, ಅಂದರೆ ಸೇಬಿನ ಹೆಂಡ, ಹೊಯ್ಯಬೇಕು.

ಹ್ಯಾಲೆಟ್ ಮನೆಯವರು ಮಾತ್ರ ಚಾಪೆಲ್ ಜನ, ಅಂದರೆ ಊರಿನ ಚರ್ಚು ಬಿಟ್ಟು ಬೇರೆ ಪ್ರಾರ್ಥನಾ ಮಂದಿರ ಕಟ್ಟಿಕೊಂಡ, ಮದ್ಯ ಮುಟ್ಟದ ಪಂಥದವರು. ಮೂರು ತಲೆಮಾರಿನಿಂದ ಹೆಂಡದ ವಾಸನೆ ಬಂದರೆ ರಸ್ತೆ ದಾಟುವವರು. ಹಾಗಂತ ಯಜಮಾನನನ್ನು ಬಾಯಾರಿಸಲೂ ಆಗದು. ಅವರು ಚಹಾ ಹೊಯ್ಯುತ್ತಿದ್ದರು. ಚಾಪೆಲಿನಲ್ಲಿ ನಲವತ್ತು ಜನಕ್ಕೆ ಚಹಾ ಮಾಡುವ ದೊಡ್ಡ ಎನಾಮೆಲ್ ಪಾತ್ರೆ ತುಂಬ, ತಣ್ಣಗೆ ಮಾಡಿ.

"ಬಿಸಿ ಇದ್ರೆ ನಾಲಿಗೆ ಸುಡತ್ತೆ ಅಂತಿದ್ರು ಮಾವ. ಹಾಲು ಹಾಕ್ತಿರ್ಲಿಲ್ಲ. ಹಾಲು ಹಾಕಿದ್ರೆ ಹಗ್ಗ ನಾರತ್ತೆ," ಎನ್ನುತ್ತಾರೆ ಮೇವಿಸ್. ಮಾವ ತೀರಿದ ಮೇಲೆ ಏಳು ಹಗ್ಗಗಳಿಗೂ ಅವರು ಚಹಾವನ್ನೇ ಹೊಯ್ದಿದ್ದಾರೆ. ಯಾರೂ ಎದ್ದಿರದ ಹೊತ್ತು ನೋಡಿ, ಒಬ್ಬರೇ. "ನಾಚಿಕೆ ಆಗ್ತಿತ್ತು. ಶಾಲೆ ಮಕ್ಕಳಿಗೆ ಲೆಕ್ಕಾಚಾರವಾಗಿ ಅಡುಗೆ ಮಾಡೋಳು ನಾನು, ಬೆಟ್ಟದ ಮೇಲೆ ಹಗ್ಗಕ್ಕೆ ಟೀ ಕುಡಿಸ್ತಿದೀನಿ ಅಂತ ಯಾರಿಗೆ ಹೇಳ್ಲಿ?"

ಹೋದ ವರ್ಷ ಅಕ್ಟೋಬರಿನಲ್ಲಿ, ಬೆಟ್ಟವನ್ನು ನೋಡಿಕೊಳ್ಳುವ ಟ್ರಸ್ಟಿನಿಂದ ಡೊಮಿನಿಕ್ ಪಿಮ್ ಎಂಬ ಅಧಿಕಾರಿ ಬಂದರು. ವಿನಯದ ಮನುಷ್ಯ, ಹೊಸ ಬೂಟು. ಯಜಮಾನನ ಪೂರ್ತಿ ಅಳತೆ ದಾಖಲಿಸಬೇಕಿತ್ತು. ಮೇವಿಸ್ ಅವರಿಗೆ ಸೌದೆ ಮನೆ ತೋರಿಸಿದರು, ಹಗ್ಗ ತೋರಿಸಿದರು, ಭುಜದ ಕಲ್ಲು, ಗಂಟು, ಚಾಕು, ಮೇಲೆ ಕೂತು ಕೆಳಗೆ ಕೊಯ್ಯುವ ಕ್ರಮ ಎಲ್ಲ ಹೇಳಿದರು. ಇನ್ನೇನಾದರೂ ಇದೆಯೇ ಎಂದು ಪಿಮ್ ಕೇಳಿದರು. ಏನಿಲ್ಲ ಎಂದರು ಮೇವಿಸ್. ಚಹಾದ ಮಾತು ಎತ್ತಲಿಲ್ಲ. ಓದಿಕೊಂಡವರ ಮುಂದೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

ಪಿಮ್ ಏಳು ಹಗ್ಗಗಳನ್ನೂ ಕಚೇರಿಗೆ ಒಯ್ದರು. ಎರಡು ವಾರ ಹೀಟರಿನ ಪಕ್ಕ ಇಟ್ಟರು. ಮೇಜಿನ ಮೇಲೆ ಹಾಸಿ ಒಂದೊಂದು ಗಂಟನ್ನೂ ಅಳೆದರು. ಆಮೇಲೆ ಉಪಗ್ರಹದ ಉಪಕರಣ ತಂದು ಬೆಟ್ಟದ ಮೇಲೆ ಯಜಮಾನನನ್ನು ಅಳೆದರು. ಎಲ್ಲ ಅಂಗಗಳೂ ಹಗ್ಗಕ್ಕಿಂತ ಗಿಡ್ಡ. ಕಾಲು ಗಿಡ್ಡ, ತಲೆ ಗಿಡ್ಡ, ಎಡಗೈಯಂತೂ ಪೂರಾ ಎರಡಡಿ ಗಿಡ್ಡ. ಸಾಕ್ಷಿಗೆ ಅವರು ಚರ್ಚಿನ ಮುಖಮಂಟಪದ ಮೇಲಿರುವ ಕಲ್ಲಿನ ದೈತ್ಯನನ್ನೂ ತೋರಿಸಿದರು. ಆರುನೂರು ವರ್ಷ ಹಳೆಯ ಕೆತ್ತನೆಯಂತೆ, ಅದರಲ್ಲೂ ಎಡಗೈ ಬಹಳ ಉದ್ದ.

ಆ ಮಾತು ಕೇಳಿ ರೂಬೆನ್ ಸ್ಕ್ವಿಬ್ ಉಗಿದದ್ದು ಊರಿಗೆಲ್ಲ ಗೊತ್ತು. "ಲೇಯ್, ಕಲ್ಲು ಮೂಲೆಗಂಟ ಇತ್ತು ಕಣ್ಲಾ, ಅದಕ್ಕೇ ಕೈನೂ ಮೂಲೆಗಂಟ ಹೋತು! ಕಲ್ಲುಕುಟಿಗನಿಗೆ ಜಾಗ ತುಂಬಿಸಬೇಕಿತ್ತು. ಪಕ್ಕದಾಗೆ ಒಂದು ಕಲ್ಲಿನ ಮೊಲ ಐತೆ, ಅದು ಕುರಿಗಿಂತ ದೊಡ್ಡದೈತೆ. ಹಂಗಂತ ಇಲ್ಲಿ ಕುರಿ ನುಂಗೋ ಮೊಲ ಇದ್ವಾ?"

ಟ್ರಸ್ಟಿನ ಕಾಗದ ಫೆಬ್ರವರಿಯಲ್ಲಿ ಬಂತು. ಸೌಮ್ಯವಾದ ಕಾಗದ. ಕೆಲವು ದಶಕಗಳಿಂದ ಅಂಚು ಸರಿಯಾಗಿ ಕಾಯ್ದುಕೊಳ್ಳದ ಕಾರಣ ಹುಲ್ಲು ಮುಂದೆ ಬಂದು ಆಕೃತಿ ಕುಗ್ಗಿದೆ. ಮೇ ತಿಂಗಳಲ್ಲಿ ಯಂತ್ರ ತರಿಸಿ ಹಗ್ಗದ ಅಳತೆಗೆ ಮತ್ತೆ ಕತ್ತರಿಸಲಾಗುವುದು. ಮುಂದಿನ ನಿರ್ವಹಣೆ ಗುತ್ತಿಗೆದಾರರದು. ಶ್ರೀಮತಿ ಹ್ಯಾಲೆಟ್ ಅವರ ದೀರ್ಘ ಸೇವೆಗೆ ಕೃತಜ್ಞತೆ.

"ಕೆಲಸ ಹೋಯ್ತು ಅಂತ ಬೇಜಾರಾಗ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ಆಯ್ತು, ಆದ್ರೆ ಅದು ಎರಡನೇದು," ಎನ್ನುತ್ತಾರೆ ಮೇವಿಸ್. "ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಹೋಗಿ ಹೋಗಿ ನಾನೇ ಅವನನ್ನ ತಿಂದು ಹಾಕಿದೆನಾ ಅನ್ನಿಸ್ತು. ಇನ್ನೂರು ಮುನ್ನೂರು ವರ್ಷ ಇವರು ಕಾಪಾಡ್ಕೊಂಡು ಬಂದಿದ್ದನ್ನ ಹೊರಗಿಂದ ಬಂದೋಳು ಮುಗಿಸಿದ್ಲು. ಹಗ್ಗ ನಾನೇ ಹಿಡ್ದಿದೀನಿ, ಗಂಟು ಬೆರಳ ತುದೀಗೇ ಬರ್ತಿತ್ತು, ನನ್ನ ಕಣ್ಣಾರೆ. ಆದ್ರೆ ಅವರು ಉಪಗ್ರಹ ಅಂದ್ರಲ್ಲ. ಆಕಾಶದಿಂದ ನೋಡಿದವರಿಗೆ ನಾನೇನು ಹೇಳ್ಲಿ?"

ಆ ಚಳಿಗಾಲ ಅವರು ಅಂಗಡಿಗೂ ಬಳಸು ದಾರಿಯಲ್ಲಿ ಹೋದರು, ಬೆಟ್ಟ ಕಾಣಬಾರದೆಂದು. ಅಡುಗೆಮನೆಯ ಕಿಟಕಿಗೆ ಪರದೆ ಬಂತು. ಲೆನ್ ಪರದೆ ತೆಗೆಯುವುದು, ಇವರು ಎಳೆಯುವುದು. "ನಲವತ್ನಾಲ್ಕು ವರ್ಷದ ಸಂಸಾರದಲ್ಲಿ ಇವಳು ಊಟ ಬಿಟ್ಟಿದ್ದು ಅದೇ ಮೊದ್ಲು," ಎನ್ನುತ್ತಾನೆ ಅವನು. "ನಾನು ತಮಾಷೆ ಮಾಡೋದು ನಿಲ್ಲಿಸ್ದೆ. ಅದು ಇವಳಿಗೆ ಇನ್ನೂ ಭಯ ತರಿಸ್ತಂತೆ."

ಯಂತ್ರ ಬರುವ ಮೊದಲು ನಿಯಮದ ಪ್ರಕಾರ ಒಂದು ಕಡೆ ಅಗೆದು ನೋಡಬೇಕು. ಮೇ ಹದಿನಾಲ್ಕರಂದು ಪುರಾತತ್ವ ತಜ್ಞೆ ಆಲಿಸನ್ ಫ್ರೇ ನಾಲ್ಕು ಜನರೊಡನೆ ಬಂದು ಎಡಗೈ ನಡುಬೆರಳಿನ ತುದಿಯಿಂದ ಆಚೆಗೆ ಅಗೆಯಲು ದಾರ ಕಟ್ಟಿ ಗುರುತು ಹಾಕಿದರು. ಒಂದಡಿ ಅಗಲ, ನಾಲ್ಕಡಿ ಉದ್ದದ ಗುಂಡಿ. ಮೇವಿಸ್ ಹೋಗುವುದಿಲ್ಲ ಎಂದು ಕೂತಿದ್ದರು. ಲೆನ್ ಕಾರು ಹೊರಗೆ ತೆಗೆದು, ಹಿಂದಿನ ಸೀಟಿನಲ್ಲಿ ರೂಬೆನ್‌ನನ್ನೂ ಕೂರಿಸಿಕೊಂಡು, ಹಾರ್ನ್ ಮೇಲೆ ಕೈ ಇಟ್ಟು ತೆಗೆಯಲೇ ಇಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದಾಗ ಮೇವಿಸ್ ನಾಚಿ ಓಡಿಬಂದು ಕಾರು ಹತ್ತಿದರು. ಕುರಿ ಹಟ್ಟಿಯ ದಾರಿಯಲ್ಲಿ ಕಾರು ಯಜಮಾನನ ಮೊಣಕೈವರೆಗೂ ಹೋಗುತ್ತದೆ. ರೂಬೆನ್ ಕಾರಿನಲ್ಲೇ ಉಳಿದ, ಕಿಟಕಿ ಇಳಿಸಿಕೊಂಡು.

ಆಲಿಸನ್ ಮೊದಲು ಬೆರಳ ತುದಿಯನ್ನು ಸೀಳಿ ನೋಡಿದರು. ಹಳೆಯ ಸುಣ್ಣದ ಪದರಗಳು ದೋಸೆ ಪೇರಿಸಿಟ್ಟಂತೆ ಒಂದರ ಮೇಲೊಂದು ಐದು. ಐದೂ ಒಂದೇ ಜಾಗಕ್ಕೆ ಬಂದು ನಿಂತಿದ್ದವು. ಆಮೇಲೆ ಆಚೆಯ ಎರಡಡಿ. ಹುಲ್ಲು, ಬೇರು, ಕಂದು ಮಣ್ಣು, ಅದರ ಕೆಳಗೆ ಯಾರೂ ಎಂದೂ ಮುಟ್ಟದ ನೆಲ. ಗುದ್ದಿದ ಸುಣ್ಣದ ಒಂದು ಚೂರೂ ಇಲ್ಲ.

ಆಲಿಸನ್ ಎದ್ದು ಮಂಡಿ ಒರೆಸಿಕೊಂಡರು. "ಇಲ್ಲಿ ಯಾವತ್ತೂ ಬೆರಳಿರಲಿಲ್ಲ, ಡೊಮಿನಿಕ್. ಕೈ ಇದ್ದಷ್ಟೇ ಇದೆ."

ಪಿಮ್‌ಗೆ ಅರ್ಥವಾಗಲಿಲ್ಲ. ಕಚೇರಿಯಿಂದ ತಂದಿದ್ದ ಹಗ್ಗವನ್ನು ಭುಜದ ಕಲ್ಲಿಗೆ ಕಟ್ಟಿ ಎಳೆದರು. ಕೊನೆಯ ಗಂಟು ಬೆರಳು ದಾಟಿ, ಗುಂಡಿ ದಾಟುವಷ್ಟರಲ್ಲಿ ಬಂದು ನಿಂತಿತು. ಎರಡಡಿ ಹೆಚ್ಚು. ಎಲ್ಲರೂ ಗಂಟನ್ನು ನೋಡುತ್ತಾ ನಿಂತರು. ಮೇವಿಸ್ ಕೂಡ. ಆ ಗಂಟು ತನ್ನ ಕೈಯಲ್ಲಿ ಒಂದು ದಿನವೂ ಅಲ್ಲಿಗೆ ಹೋದದ್ದನ್ನು ಅವರು ನೋಡಿರಲಿಲ್ಲ.

ಕಾರಿನ ಕಿಟಕಿಯಿಂದ ರೂಬೆನ್ ಕೂಗಿದ. "ಕುಡಿಸಿದ್ರೇನ್ರೋ?"

ಎಲ್ಲರೂ ಕಾರಿನ ಕಡೆ ತಿರುಗಿದರು.

"ಹಗ್ಗಕ್ಕೆ ಕುಡಿಸಿದ್ರೇನ್ರೋ ಅಂದೆ! ಯುದ್ಧ ಮುಗಿದ ವರ್ಸ ನಂಗೆ ಏಳು ವಯಸ್ಸು. ಯುದ್ಧದಾಗೆ ಶತ್ರು ವಿಮಾನದೋರಿಗೆ ಕಾಣಬಾರ್ದು ಅಂತ ಯಜಮಾನನ ಮೇಲೆ ಪೊದೆ, ಮಣ್ಣು ಎಲ್ಲಾ ಹಾಕಿ ಮುಚ್ಚಿದ್ರು. ಐದು ವರ್ಸ ಆದ್ಮೇಲೆ ತೆಗೀಬೇಕಾದ್ರೆ ಮೂಗೆಲ್ಲಿ ಬಾಯೆಲ್ಲಿ ಒಬ್ರಿಗೂ ಗೊತ್ತಿಲ್ಲ. ಹಗ್ಗ ಹಿಡಿದೇ ಹುಡುಕಿದ್ದು. ನಮ್ಮಜ್ಜ ಒಂದು ಕೊಡ ಸೈಡರ್ ಹೊಯ್ದ ಹಗ್ಗಕ್ಕೆ, ಒಂದು ಕೊಡ! ಒಂದು ಗುಟುಕು ನಂಗೆ ಕೊಡು ಅಂದಿದ್ದಕ್ಕೆ ಕಿವಿ ಹಿಂಡಿದ. 'ತೊಟ್ಟಿಕ್ಕೋಗಂಟ ಹೊಯ್ಬೇಕು, ಇಲ್ದಿದ್ರೆ ಹಗ್ಗ ಸುಳ್ಳು ಹೇಳ್ತೈತೆ' ಅಂದ."

ಮೇವಿಸ್ ಮುಖ ಕೆಂಪಾಯಿತು. ಒಂದು ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ತಲೆ ತಗ್ಗಿಸಿ, ಪಿಮ್ ಬೂಟಿಗೆ ಹೇಳುವಂತೆ ಹೇಳಿದರು. "ನಾನು ಟೀ ಹಾಕ್ತೀನಿ."

"ಏನಂದ್ರಿ?"

"ಹಗ್ಗಕ್ಕೆ. ಪ್ರತಿ ವರ್ಷ. ತಣ್ಣನೆ ಟೀ. ನಿಮಗೆ ಹೇಳಕ್ಕೆ ನಾಚಿಕೆ ಆಯ್ತು."

ಆಲಿಸನ್ ಫ್ರೇ ಮೊದಲು ನಕ್ಕರು, ಅಪಹಾಸ್ಯದ ನಗೆಯಲ್ಲ. "ಸೆಣಬು ನೆನೆದ್ರೆ ಗಿಡ್ಡ ಆಗತ್ತೆ," ಎಂದರು. "ಅಯ್ಯೋ ದೇವರೇ. ಅಷ್ಟೇ ವಿಷ್ಯ! ಮಳೆ ಬಂದಾಗ ಬಟ್ಟೆ ಒಣಗಿಸೋ ಹಗ್ಗ ಬಿಗಿಯಾಗಲ್ವಾ, ಹಾಗೆ. ಗಂಟು ಹಾಕಿದ್ದೇ ನೆನೆದ ಹಗ್ಗಕ್ಕೆ. ಒಣಗಿಸಿ ಅಳೆದಿದೀವಿ ನಾವು."

ಗುಂಡಿಯ ಮಣ್ಣು ನೆನೆಸಲು ತಂದಿದ್ದ ನೀರಿನ ಕ್ಯಾನು ಇತ್ತು. ಕೆಲಸದವರ ಫ್ಲಾಸ್ಕುಗಳಲ್ಲಿ ಚಹಾ ಇತ್ತು. ರೂಬೆನ್ ಕಾಲ ಬುಡದಿಂದ ಒಂದು ಕಲ್ಲು ಜಾಡಿ ಎತ್ತಿ ಕಿಟಕಿಯಿಂದ ಚಾಚಿದ, ಅದರಲ್ಲಿ ಏನಿದೆ ಎಂದು ಯಾರೂ ಕೇಳಬೇಕಿರಲಿಲ್ಲ.

"ಬೇಡ ರೂಬೆನ್, ಇದು ಚಾಪೆಲ್ ಕೈ," ಎಂದರು ಮೇವಿಸ್.

"ತೊಗೊಳಮ್ಮಿ, ಕೈಗೆ ಬ್ಯಾಡದಿದ್ರೆ ಕೈ ಹಿಡಿಯೋರಿಗೆ ಆಯ್ತದೆ," ಎಂದ ಮುದುಕ.

ಚಹಾ ಮೊದಲು, ನೀರು ಆಮೇಲೆ. ಮೇವಿಸ್ ಹಗ್ಗದುದ್ದಕ್ಕೂ ಬಗ್ಗಿ ನಡೆಯುತ್ತಾ ಅಂಗೈಯಿಂದ ಒತ್ತಿ ಒತ್ತಿ ಕುಡಿಸಿದರು. ಪಿಮ್ ಕೋಟು ಬಿಚ್ಚಿ, ತೋಳು ಮಡಿಚಿ ಅವರ ಹಿಂದೆ ಕ್ಯಾನು ಹೊತ್ತು ನಡೆದರು. ಇಪ್ಪತ್ತು ನಿಮಿಷ ಹಿಡಿಯಿತು. ಹಗ್ಗ ಕಪ್ಪಾಯಿತು, ಊದಿತು, ಕೈಗೆ ಬಿಗಿ ಬಂತು. ಮತ್ತೆ ಎಳೆದು ಹಿಡಿದರು. ಮೊಣಕೈ ಗಂಟು ಮೊಣಕೈಗೆ. ಮಣಿಕಟ್ಟಿನದು ಮಣಿಕಟ್ಟಿಗೆ. ಕೊನೆಯ ಗಂಟು ನಡುಬೆರಳ ಬಿಳಿ ತುದಿಯ ಮೇಲೆ, ಅತ್ತ ಇತ್ತ ಆಗದೆ, ಕೂತಿತು.

"ನಾನು ಅಲ್ಲೇ ಹುಲ್ಲಿನ ಮೇಲೆ ಕೂತ್ಬಿಟ್ಟೆ," ಎನ್ನುತ್ತಾರೆ ಮೇವಿಸ್. "ಅಳ್ಲಿಲ್ಲ ನಾನು. ಲೆನ್ ಅತ್ತ. ಆಮೇಲೆ ಹುಲ್ಲಿನ ಧೂಳು ಅಂದ."

"ಧೂಳೇ," ಎನ್ನುತ್ತಾನೆ ಲೆನ್.

ಪಿಮ್ ಬಂದು ಅವರ ಪಕ್ಕ ಹುಲ್ಲಿನ ಮೇಲೇ ಕೂತರಂತೆ. "ಮಿಸೆಸ್ ಹ್ಯಾಲೆಟ್, ನನ್ನಿಂದ ದೊಡ್ಡ ತಪ್ಪಾಯ್ತು. ನಿಮ್ಮನ್ನ ಕೇಳಬೇಕಾದ ರೀತಿಯಲ್ಲಿ ಕೇಳಲಿಲ್ಲ," ಎಂದರಂತೆ. "ನಾನೂ ಹೇಳಬೇಕಾದ್ದು ಹೇಳ್ಲಿಲ್ಲವಲ್ಲಪ್ಪ," ಎಂದರಂತೆ ಇವರು. ಆಮೇಲೆ ರೂಬೆನ್‌ನ ಜಾಡಿ ಒಂದು ಸುತ್ತು ಬಂತು, ಚಾಪೆಲ್ ಜನರನ್ನು ಬಿಟ್ಟು. ಯಂತ್ರದ ಬುಕಿಂಗ್ ಅವತ್ತೇ ಸಂಜೆ ರದ್ದಾಯಿತು. ಗುಂಡಿ ಮುಚ್ಚಿ ಹುಲ್ಲು ಹಾಸಿದರು. ಮರುದಿನ ಬೆಳಿಗ್ಗೆ ಐದಕ್ಕೆ ಮೇವಿಸ್ ಮೇಲಿದ್ದರು. ನಲವತ್ತನಾಲ್ಕು ದಿನದ ಹುಲ್ಲು ಬಾಕಿ ಇತ್ತು. ಹದಿನೈದು ದಿನ ದಿನಕ್ಕೆ ಅರವತ್ತಡಿ ಮಾಡಿ, ಮಂಡಿ ಊದಿ, ಲೆನ್ ಕೈಯಲ್ಲಿ ಬೈಸಿಕೊಂಡು ಮತ್ತೆ ಮೂವತ್ತಕ್ಕೆ ಇಳಿದಿದ್ದಾರೆ.

ಈಗ ಟ್ರಸ್ಟಿನವರು ಆಗಾಗ ಬರುತ್ತಾರೆ. ಮುಂದಿನ ಏಪ್ರಿಲ್‌ಗೆ ಹಗ್ಗದ ಭಾನುವಾರ ಊರಿಗೆಲ್ಲ ಕರೆ ಕೊಡಬೇಕು, ಏಳು ಅಂಗಕ್ಕೆ ಏಳು ಹೊಸ ಮನೆ ಹುಡುಕಬೇಕು ಎಂಬ ಮಾತು ನಡೆದಿದೆ. ರಜೆಗೆ ಬರುವ ಬಲಗಾಲಿನ ಮನೆಯವರು ತಾವೂ ಕಲಿಯುತ್ತೇವೆ ಎಂದಿದ್ದಾರಂತೆ. "ಬರ್ಲಿ. ಒಂದು ವಾರ ಬರೀ ನೋಡಿ ಅಂತೀನಿ," ಎನ್ನುತ್ತಾರೆ ಮೇವಿಸ್. ಸೈಡರೋ ಚಹಾವೋ ಎಂಬ ಚರ್ಚೆ ಮಾತ್ರ ಗ್ರಾಮ ಮಂಡಳಿಯಲ್ಲಿ ಎರಡು ಸಭೆ ಕಳೆದರೂ ಮುಗಿದಿಲ್ಲ.

ಆಲಿಸನ್ ಫ್ರೇ ಅವರ ವರದಿ ಹೋದ ವಾರ ಅಚ್ಚಾಗಿ ಬಂತು. ನಲವತ್ತೆರಡು ಪುಟ, ನಕ್ಷೆ, ಬಣ್ಣದ ಚಿತ್ರ. ಸೆಣಬಿನ ಬಗ್ಗೆಯೇ ಮೂರು ಪುಟ. ಮೇವಿಸ್ ಹ್ಯಾಲೆಟ್ ಎಂಬ ಹೆಸರು ಅದರಲ್ಲಿ ಎಲ್ಲೂ ಇಲ್ಲ. "ಸ್ಥಳೀಯ ನಿರ್ವಾಹಕರು" ಎಂದು ಒಂದು ಕಡೆ ಇದೆ, ಅಷ್ಟೇ. ಲೆನ್ ಕಾಗದ ಬರೆಯುತ್ತೇನೆಂದು ಪೆನ್ನು ಹಿಡಿದು ಎರಡು ದಿನ ಓಡಾಡಿದ. ಮೇವಿಸ್ ಬೇಡ ಎಂದರು.

ಬಿಸಿಲು ಈಗ ಯಜಮಾನನ ಭುಜ ದಾಟಿ ಮಣಿಕಟ್ಟಿಗೆ ಬಂದಿದೆ. ಮೇವಿಸ್ ಚಾಕು ಒರೆಸಿ, ಗವಸು ಬಿಚ್ಚಿ, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆಯುತ್ತಾರೆ. ವರದಿಯ ಹತ್ತೊಂಬತ್ತನೇ ಪುಟ. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಕನ್ನಡಕ ತಂದಿಲ್ಲ, ಓದಿ ಹೇಳಿ ಎಂದು ಹಾಳೆ ಚಾಚುತ್ತಾರೆ, ಬಾಯಿಪಾಠ ಬರುತ್ತದೆ ಎಂಬುದು ಅವರ ತುಟಿ ಅಲ್ಲಾಡುವುದರಲ್ಲೇ ಗೊತ್ತಾಗುತ್ತದೆ. ಸಾಲು ಹೀಗಿದೆ: ಕಳೆದ ನೂರು ವರ್ಷಗಳಲ್ಲಿ ಎಡಗೈಯ ಆಕಾರವನ್ನು ಯಾರಾದರೂ ಬದಲಿಸಿದ ಕುರುಹು ಕಂಡುಬಂದಿಲ್ಲ.

"ಅದರಲ್ಲಿ ಮೂವತ್ತೊಂದು ವರ್ಷ ನಾನೇ ಇದ್ದೆ," ಎನ್ನುತ್ತಾರೆ ಮೇವಿಸ್, ಹಾಳೆ ವಾಪಸು ಮಡಿಚುತ್ತಾ. "ಒಂದು ಕುರುಹೂ ಇಲ್ವಂತೆ."